ಎಡಗೈಗೆ ಸನ್‌ಸ್ಕ್ರೀನ್, ಹುಳುಗಳಿಗೆ ಉಪವಾಸ

ಸನ್‌ಸ್ಕ್ರೀನನ್ನು ನಾನು ಸುಮ್ಮನೆ ನಂಬುವವಳಲ್ಲ. ಅತ್ತಿಗೆ ಚಿಕ್ಕಬಳ್ಳಾಪುರದಿಂದ ತಂದುಕೊಟ್ಟ ಟ್ಯೂಬಿನ ಮೇಲೆ ‘ಎಸ್‌ಪಿಎಫ್ ಐವತ್ತು’ ಎಂದಿತ್ತು. ಐವತ್ತು ಏನು? ನಿಮಿಷವೋ, ಬಿಸಿಲೋ? ಸಾಲದ್ದಕ್ಕೆ ಎರಡು ಗಂಟೆಗೊಮ್ಮೆ ಹಚ್ಚಬೇಕಂತೆ. ಗೋಡೆಗೆ ಬಳಿದ ಸುಣ್ಣವೇ ವರ್ಷ ಬಾಳುತ್ತದೆ! ಇದರಲ್ಲೇನೋ ಮೋಸವಿದೆ.

ಆದ್ದರಿಂದ ಸೋಮವಾರ ಬೆಳಗ್ಗೆ ವೈಜ್ಞಾನಿಕ ಪರೀಕ್ಷೆ ಆರಂಭವಾಯಿತು. ಎಡಗೈಗೆ ಭುಜದವರೆಗೆ ಕ್ರೀಮು, ಬಲಗೈ ಬರಿದು. ಮೇಲೂರಿನ ನಮ್ಮ ಹಿಪ್ಪುನೇರಳೆ ತೋಟದ ಬಿಸಿಲಿಗಿಂತ ಒಳ್ಳೆಯ ಪ್ರಯೋಗಾಲಯ ಬೇಕೆ? ಬಲಗೈಯಲ್ಲಿ ಕುಡುಗೋಲು ಹಿಡಿದು ಸೊಪ್ಪು ಕೊಯ್ದೆ, ಎಡತೋಳಲ್ಲಿ ಅವುಚಿಕೊಂಡು ರೇಷ್ಮೆಹುಳುಗಳ ಮನೆಗೆ ತಂದೆ. ಅಂಗೈಗಳನ್ನು ಸೋಪು ಹಾಕಿ ತೊಳೆದೇ ಒಳಗೆ ಹೋದೆ. ಶಿಸ್ತೆಂದರೆ ಶಿಸ್ತು!

ಸಂಜೆ ಅಮ್ಮ ಕೂಗಿದಳು: “ಏ ಸುಮಾ, ಹುಳ ಸೊಪ್ಪು ಮುಟ್ತಾನೇ ಇಲ್ಲ ಕಣೇ!”

ಇನ್ನು ಕೆಲವೇ ದಿನದಲ್ಲಿ ಗೂಡು ಕಟ್ಟಬೇಕಾದ ಹುಳುಗಳು. ಈಗ ಉಪವಾಸ ಬಿದ್ದರೆ ಇಡೀ ಬೆಳೆ ಹೋದಂತೆ. ನನ್ನ ಅನುಮಾನ ನೇರವಾಗಿ ಪಕ್ಕದ ದ್ರಾಕ್ಷಿ ತೋಟದ ನಂಜಪ್ಪಣ್ಣನವರ ಮೇಲೆ ಹೋಗಿ ಕುಳಿತಿತು. ಅವರು ಔಷಧಿ ಹೊಡೆದಿದ್ದಾರೆ, ಗಾಳಿ ಅದನ್ನು ನಮ್ಮ ಸೊಪ್ಪಿಗೆ ತಂದಿದೆ!

ಬೇಲಿಯ ಬಳಿ ನಿಂತು ಆರೋಪಪಟ್ಟಿ ಓದಿದೆ.

“ನಾನು ಹೊಡೆದ್ನಾ?” ಎಂದರು ನಂಜಪ್ಪಣ್ಣ. “ಪಂಪು ರಿಪೇರಿಗೆ ಹೋಗಿ ಶಿಡ್ಲಘಟ್ಟದಲ್ಲಿ ಕೂತೈತೆ ಕಣಮ್ಮ. ಔಷಧೀನ ಬಾಯಲ್ಲಿ ಉಗೀಲಾ?”

ನಾನು ಬಿಡಲಿಲ್ಲ. ಸಾಕ್ಷಿ ಸಮೇತ ಸಿಕ್ಕಿಹಾಕಿಸಲು ಅವರನ್ನೇ ಕರೆತಂದೆ. ಅವರು ಒಂದು ಎಲೆ ಎತ್ತಿ ಮೂಸಿದರು.

“ಇದು ಔಷಧಿ ಅಲ್ಲಮ್ಮ. ಮದುವೆ ಮನೆ ವಾಸನೆ!”

ಅಮ್ಮ ಎಲೆ ಮೂಸಿದಳು. ನನ್ನ ತೋಳು ಮೂಸಿದಳು. ಮತ್ತೆ ಎಲೆ ಮೂಸಿದಳು.

“ಘಮ ಹುಳಕ್ಕೆ ಆಗಲ್ಲ ಅಂತ ಹೂವ ಮುಡ್ಕೊಂಡು ಬಂದೋರ್ನೇ ನಾನು ಒಳಗೆ ಬಿಡಲ್ಲ. ನೀನು ಸೆಂಟು ಬಳ್ಕೊಂಡು ಮೇವು ತಂದ್ಯಾ?”

“ಸೆಂಟಲ್ಲಮ್ಮ, ಸನ್‌ಸ್ಕ್ರೀನು. ಪರೀಕ್ಷೆ ಮಾಡ್ತಿದ್ದೆ…”

“ಪರೀಕ್ಷೆ ಹುಳಾನೇ ಮಾಡಾಯ್ತು. ನೀನು ಫೇಲು!”

ಹಳೆಯ ಸೊಪ್ಪನ್ನೆಲ್ಲ ತೆಗೆದೆವು. ಕತ್ತಲಾಗುವ ಮುಂಚೆ ಹೊಸ ಸೊಪ್ಪು ಕೊಯ್ದುಕೊಟ್ಟವರು ಅದೇ ಆರೋಪಿ ನಂಜಪ್ಪಣ್ಣ. ಬಾಗಿಲಾಚೆ ನಿಂತ ನನಗೆ, ಒಣಗಿದ ಎಲೆಗಳ ಮೇಲೆ ಮಳೆ ಹನಿದಂಥ ಸದ್ದು ಕೇಳಿಸಿತು. ಹುಳುಗಳು ಮೇಯುತ್ತಿದ್ದವು. ಬೆಳೆ ಉಳಿಯಿತು!

“ತಪ್ಪಾಯ್ತು ಅಣ್ಣ,” ಎಂದೆ ನಂಜಪ್ಪಣ್ಣನವರಿಗೆ.

“ಇರ್ಲಿ ಬಿಡಮ್ಮ. ಆ ಕ್ರೀಮು ಇತ್ಲಾಗೆ ಕೊಡು. ಹುಳಾನೇ ಬಾಯಿಡಲಿಲ್ಲ ಅಂದ್ಮೇಲೆ ನನ್ನ ದ್ರಾಕ್ಷಿಗೆ ಹಕ್ಕಿ ಬಾಯಿಡ್ತವಾ?”

ಕೊಟ್ಟುಬಿಟ್ಟೆ. ಈಗ ಅವರ ತೋಟದ ಬೆದರುಗೊಂಬೆ ನನಗಿಂತ ಬೆಳ್ಳಗಿದೆ.