ಅಂಜಿಕೆಯ ಅರ್ಜಿ, ಅವ್ವನ ಸಾಕ್ಷಿ

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಗಂಡಸು ನಾನು. ಎರಡು ಸಲ ಇಂಗ್ಲಿಷಿನಲ್ಲಿ ಬಿದ್ದು, ಮೂರನೆಯ ಸಲ ಎದ್ದು ಬಿ.ಎ. ಪಾಸಾದವನು. ಹೀಗಾಗಿ ಕಾಯಿದೆ ಕಾನೂನು ನನಗೆ ಯಾವ ಲೆಕ್ಕ ಎಂಬ ದೃಢ ನಂಬಿಕೆ ಇತ್ತು!

ಜೇವರ್ಗಿ ರಸ್ತೆಯಲ್ಲಿ ಒಂದು ಟೆಂಪೋ ಹಿಂದಿನಿಂದ ಬಂದು ನನ್ನ ಸ್ಕೂಟರಿಗೆ ಗುದ್ದಿತು. ಮೊಣಕಾಲಿನ ಗಾಯ ಹದಿನೈದು ದಿನಕ್ಕೆ ಮಾಯಿತು. ಮನಸ್ಸಿನದು ಮಾಯಲಿಲ್ಲ. ಬೆನ್ನ ಹಿಂದೆ ಹಾರ್ನ್ ಕೇಳಿದರೆ ಸಾಕು, ಕೈ ನಡುಗಿ ಮೈಯೆಲ್ಲ ಬೆವರು. ಅಂದಿನಿಂದ ಹೆಂಡತಿ ಶಾಂತಾ ಸ್ಕೂಟರ್ ಹೊಡೆಯುತ್ತಾಳೆ. ನಾನು ಹಿಂದೆ ಕೈಚೀಲ ಹಿಡಿದು ಕೂರುತ್ತೇನೆ. ನಮ್ಮೂರು ಕೊಳಕೂರಿನ ಕಟ್ಟೆಯ ಮೇಲಿನವರು ಎದ್ದು ನಿಂತು ನೋಡುತ್ತಾರೆ.

ಮನಸ್ಸಿಗಾದ ಪೆಟ್ಟಿಗೂ ಪರಿಹಾರ ಕೇಳಬಹುದು ಎಂದು ವಕೀಲರು ಹೇಳಿದ್ದೇ ತಡ, ಪೆನ್ನು ತೆಗೆದೆ. "ಅರ್ಜಿದಾರನು ಭಯಗ್ರಸ್ತನಾಗಿ, ದ್ವಿಚಕ್ರ ವಾಹನವನ್ನು ಕಂಡೊಡನೆ ಕಂಪಿಸುವ ಸ್ಥಿತಿಯನ್ನು ತಲುಪಿರುತ್ತಾನೆ" ಎಂದು ನಾನೇ ಬರೆದುಕೊಟ್ಟೆ.

ವಕೀಲರು ಓದಿ, "ಭಾಳ ಛಲೋ ಬರದೀರಿ. ಡಾಕ್ಟರ್ ಕಾಗದಾನೂ ಅದ. ಮನಿಯವರದೊಂದು ಸಾಕ್ಷಿ ಬೇಕಲ್ರಿ" ಎಂದರು.

"ನಾ ಬರ್ತೇನಿ" ಎಂದಳು ಶಾಂತಾ.

"ನೀ ಅಲ್ಲಿ ನಕ್ಕಿ ಅಂದ್ರ ಕೇಸ್ ಹೋಗ್ತದ" ಎಂದು ಅವ್ವನನ್ನು ಆರಿಸಿದೆ. ತಾಯಿಯ ಮಾತಿಗೆ ತೂಕ ಹೆಚ್ಚು. ಬಿ.ಎ. ಬುದ್ಧಿ!

ಕೋರ್ಟಿನಲ್ಲಿ ನಮ್ಮೂರಿನ ನಾಲ್ಕಾರು ಜನರೂ ಕೂತಿದ್ದರು. ಟೆಂಪೋದ ವಿಮಾ ಕಂಪನಿಯ ವಕೀಲರು ಅವ್ವನನ್ನು ಮೆತ್ತಗೆ ಕೇಳಿದರು: "ಯವ್ವಾ, ನಿಮ್ಮ ಮಗ ಅಂಜುಬುರಕ ಏನ್ರಿ?"

"ಯಾವಾಂವ ಅಂದಾಂವ?" ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. "ನನ್ನ ಮಗ ಬಿ.ಎ. ಆಗ್ಯಾನ್ರಿ ಸಾಹೇಬ್ರ! ಹುಲಿ ಬಂದ್ರೂ ಅಂಜಂಗಿಲ್ಲ."

ನಮ್ಮ ವಕೀಲರು ಕೆಮ್ಮಿದರು.

"ಟೆಂಪೋ ಗುದ್ದಿದ ಮ್ಯಾಲ ಅಂಜಿದ್ನಂತಲ್ಲ?"

"ಆವಾಗ ಹೌದ್ರಿ, ಸುಳ್ಳ್ಯಾಕ ಹೇಳ್ಲಿ? ಮೂರು ಐತಾರ ಉಪ್ಪು, ಮೆಣಸಿನಕಾಯಿ ಇಳಿಸಿ ಒಲಿಗಿ ಹಾಕೇನಿ. ಅಂಜಿಕಿ ಪೂರಾ ಹೋಗ್ಯಾದ!"

ಡಾಕ್ಟರು ಆರು ತಿಂಗಳು ಗುಳಿಗೆ ಬರೆದ ಕಾಯಿಲೆಯನ್ನು ಅವ್ವ ಮೂರು ಭಾನುವಾರಗಳಲ್ಲಿ ಗುಣಪಡಿಸಿದ್ದಳು. ನ್ಯಾಯಾಧೀಶರು ಮುಖವನ್ನು ಫೈಲಿನೊಳಗೆ ಇಳಿಸಿದರು. ಹೇಳಿಕೆ ದಾಖಲಾಯಿತು.

ಹೊರಗೆ ಬಂದ ವಕೀಲರು, "ಇನ್ನ ಮೊಣಕಾಲಿಗಿ ಬಂದಷ್ಟೇ ಬರ್ತದ್ರಿ" ಎಂದು ಕೈಚೆಲ್ಲಿದರು.

"ಏನ್ ಮಾಡಿದಿ ಬೇ ಯವ್ವಾ!"

"ಮತ್ತೇನ್ಲೇ? ಮಂದಿ ಹೊಲದಾಗ ಕಳೆ ತಗದು ಓದಿಸೇನಿ. ಊರ ಮಂದಿ ಮುಂದ ನನ್ನ ಮಗ ಹೆದರ್ತಾನ ಅನ್ಲೇನು?"

ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಅವ್ವ ಶಾಂತಾಳ ಕೈಯಿಂದ ಬೀಗದ ಕೈ ಕಸಿದು ನನ್ನ ಅಂಗೈಗೆ ಒತ್ತಿದಳು.

"ಆಣಿ ಮಾಡಿ ಹೇಳೇನಿ, ಸುಳ್ಳಾಗಬಾರ್ದು. ಗಾಡಿ ನೀನೇ ಹೊಡಿ."

ಶಾಂತಾ ಬಸ್ ಹತ್ತಿದಳು. ನಾನು ಅವ್ವನನ್ನು ಹಿಂದೆ ಕೂರಿಸಿಕೊಂಡು, ಎಲ್ಲ ದೇವರಿಗೂ ಅರ್ಜಿ ಹಾಕಿ ಸ್ಕೂಟರ್ ಚಾಲೂ ಮಾಡಿದೆ. ಎರಡು ಮೈಲಿ ಸುಸೂತ್ರ! ಆಮೇಲೆ ಹಿಂದಿನಿಂದ ಬಸ್ಸಿನ ಹಾರ್ನ್. ಕೈ ಕಂಪಿಸಿತು. ಸ್ಕೂಟರ್ ರಸ್ತೆ ಬಿಟ್ಟು ತೊಗರಿ ಹೊಲ ಹೊಕ್ಕಿತು.

ಅವ್ವ ಎದ್ದು ಮಣ್ಣು ಕೊಡವಿದಳು. "ವಕೀಲರಿಗಿ ಫೋನ್ ಹಚ್ಚೋ. ನನಗೂ ಅಂಜಿಕಿ ಆಗ್ಯಾದ. ಕೇಸ್ ಹಾಕಬೇಕು."

"ಯಾರ ಮ್ಯಾಲ?"

"ನಿನ್ನ ಮ್ಯಾಲ! ಅರ್ಜಿ ನೀನೇ ಬರಿ. ಭಾಳ ಓದೀದಿ."

ಅರ್ಜಿಯನ್ನು ಚೊಕ್ಕವಾಗಿ ಬರೆದಿಟ್ಟಿದ್ದೇನೆ. ಈ ಸಲ ಸಾಕ್ಷಿಗೂ ಕೊರತೆಯಿಲ್ಲ. ಶಾಂತಾ ಅದೇ ಬಸ್ಸಿನ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಾಳೆ!