ಉಪ್ಪು ನೋಡದ ಮರಿಯಪ್ಪ

ಮರಿಯಪ್ಪನ ಪಾಪವೆಲ್ಲ ಉಪ್ಪಿನಿಂದಲೇ ಶುರುವಾಗುತ್ತಿತ್ತು. ಅದಕ್ಕಿಂತ ದೊಡ್ಡ ಪಾಪ ಮಾಡುವ ಚೈತನ್ಯವೂ ಅವನಿಗೆ ಇರಲಿಲ್ಲ ಅನ್ನಿ.

ಗುಂಡ್ಲುಪೇಟೆಯ ಸರ್ಕಾರಿ ಬಂಗಲೆಯಲ್ಲಿ ಅವನು ಅಡುಗೆಯವ. ಊಟಿಗೆ ಹೋಗುವ ಸಾಹೇಬರುಗಳು ದಾರಿಯಲ್ಲಿ ಇಳಿದು ಉಣ್ಣುವ ಜಾಗ ಅದು. ಅವರಿಗೆ ಬಾಡು ಬೇಯಿಸುವುದು ಅವನ ಹೊಟ್ಟೆಪಾಡು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಬಾಡು ಮುಟ್ಟದಿರುವುದು ಅವನ ಧರ್ಮ. ಈ ಎರಡರ ನಡುವೆ ಉಪ್ಪು ಬಂದು ಕೂರುತ್ತಿತ್ತು. ಉಪ್ಪು ನೋಡಬೇಕಲ್ಲ ಎಂದು ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟುಕೊಳ್ಳುವನು. ಉಪ್ಪೇನೋ ಸರಿ, ಬೆಂದಿದೆಯೋ ಇಲ್ಲವೋ ನೋಡಬೇಡವೇ? ಒಂದು ಚೂರು. ಒಳಗೆ ಮಸಾಲೆ ಹಿಡಿದಿದೆಯೋ? ಕೋಳಿಯ ಒಂದು ಕಾಲು. ಆಮೇಲೆ ಚಾಮರಾಜನಗರದಿಂದ ಬರುವ ಗುರುಗಳ ಮುಂದೆ ಮಂಡಿಯೂರಿ ಪಾಪನಿವೇದನೆ. "ಈ ಸಲವೂ ಉಪ್ಪು ನೋಡಿದೆಯೇನಪ್ಪ?" ಎಂದು ಗುರುಗಳೇ ಮೊದಲು ಕೇಳುವಷ್ಟು ಅದು ಹಳಸಿಹೋಗಿತ್ತು. ಪಾಪವೂ ಅದೇ, ಪಶ್ಚಾತ್ತಾಪವೂ ಅದೇ. ಹೇಳುವವನಿಗೂ ಕೇಳುವವರಿಗೂ ಸುಸ್ತು.

ಹಾಗಾಗಿ ಈ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡವನೇ ಪ್ರಾರ್ಥನಾ ಮಂದಿರದ ಹೊಸ್ತಿಲು ಮುಟ್ಟಿ ಆಣೆ ಇಟ್ಟ. ಈಸ್ಟರ್ ತನಕ ಬಾಡಿನ ಸಾರು ತನ್ನ ನಾಲಿಗೆಗೆ ಒಂದು ತೊಟ್ಟೂ ತಾಗಕೂಡದು. ಪುಣ್ಯಕ್ಕೆ ಆ ದಿನಗಳಲ್ಲಿ ಬಂಗಲೆಗೆ ಬಂದವರೆಲ್ಲ ಅನ್ನ-ಮೊಸರಿನ ಜನ. ಮರಿಯಪ್ಪ ಒಣಗಿ ಕಡ್ಡಿಯಾದರೂ ಶುಭ ಶುಕ್ರವಾರದವರೆಗೆ ಹೇಗೋ ತೆವಳಿಕೊಂಡು ಬಂದ.

ಆ ಶುಕ್ರವಾರ ಬೆಳಗ್ಗೆಯೇ ಓವರ್‌ಸೀಯರ್ ಮಹದೇವಪ್ಪ ಸೈಕಲ್ಲಿನಿಂದ ಇಳಿದು ಬೆವರೊರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದ. ಮೈಸೂರಿನಿಂದ ಹೊಸ ಇಂಜಿನಿಯರ್ ಸಾಹೇಬರು ಬರುತ್ತಿದ್ದಾರೆ, ಮಧ್ಯಾಹ್ನದ ಊಟ ಇಲ್ಲೇ, ನಾಟಿ ಕೋಳಿ ಸಾರೇ ಆಗಬೇಕಂತೆ ಎಂದ. ಮರಿಯಪ್ಪ ಕುಡಿಯುತ್ತಿದ್ದ ಗಂಜಿಯ ಲೋಟ ಕೆಳಗಿಟ್ಟ. ಇವತ್ತು ತಮ್ಮ ದೇವರು ಪ್ರಾಣ ಬಿಟ್ಟ ದಿನ, ಮೂರು ಗಂಟೆಗೆ ಶಿಲುಬೆಯ ಪ್ರಾರ್ಥನೆಗೆ ಹೋಗಬೇಕು, ಇವತ್ತೊಂದು ದಿನ ಬೇಳೆ ಸಾರು ಮಾಡಲೇ ಎಂದು ಬೇಡಿಕೊಂಡ.

ಮಹದೇವಪ್ಪನಿಗೆ ಅವನ ಮೇಲೆ ಕನಿಕರವಿತ್ತು. ಆದರೆ ಕನಿಕರಕ್ಕಿಂತ ಇಂಜಿನಿಯರ್ ಸಾಹೇಬರ ಭಯ ದೊಡ್ಡದು. "ನೋಡಯ್ಯ, ಎಷ್ಟು ವರ್ಷದಿಂದ ಹಂಗಾಮಿಯಾಗೇ ಇದ್ದೀಯ? ಅಡುಗೆಯವನನ್ನ ಖಾಯಂ ಮಾಡೋದು ಇವತ್ತು ಅವರ ಕೈಲದೆ. ಊಟ ರುಚಿಯಾದ್ರೆ ಇಲ್ಲೇ ಸಹಿ. ರುಚಿ ಕೆಟ್ರೆ ಮೈಸೂರಿಂದ ಬೇರೆಯವನನ್ನ ಕಳಿಸ್ತಾರೆ. ಆಮೇಲೆ ನೀನು ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಅಡುಗೆಯವನಿಗೆ ಅಂತ ಕೊಟ್ಟಿರೋ ಹಿತ್ತಲ ರೂಮು ಖಾಲಿ ಮಾಡು" ಎಂದು ಹೇಳಿ, ಸೈಕಲ್ಲಿಗೆ ಕಟ್ಟಿ ತಂದಿದ್ದ ಕೋಳಿಯನ್ನು ಬಾಗಿಲಲ್ಲೇ ಇಟ್ಟು ಹೋದ. ಲಿಂಗವಂತರ ಮನೆಯವನಾದ್ದರಿಂದ ಅಡುಗೆಮನೆಯ ಒಳಗೆ ಕಾಲಿಡಲಿಲ್ಲ.

ರೂಮು ಖಾಲಿ ಮಾಡುವ ಮಾತು ಮರಿಯಪ್ಪನ ಎದೆಗೆ ನಾಟಿತು. ಹೋಗುವುದಾದರೂ ಎಲ್ಲಿಗೆ? ಕೋಳಿ ಕುಯ್ದ, ಮಸಾಲೆ ಅರೆದ, ಒಲೆ ಹಚ್ಚಿದ. ಸಾರು ಕುದಿಯತೊಡಗಿತು. ಗಂಜಿ ಕುಡಿದ ಹೊಟ್ಟೆಗೆ ಆ ವಾಸನೆ ತಾಕಿ ಕಣ್ಣಿಗೇ ಕತ್ತಲೆ ಬಂದಂತಾಯಿತು. ಗುರುಗಳು ಶೋಧನೆ ಶೋಧನೆ ಎಂದು, ಸೈತಾನ ಆಸೆ ತೋರಿಸಿ ಕೆಡವುತ್ತಾನೆ ಎಂದು ವರ್ಷವೆಲ್ಲ ಹೇಳುತ್ತಿದ್ದರು. ಅದು ಕೊತ್ತಂಬರಿ ಸೊಪ್ಪು ಉದುರಿಸಿಕೊಂಡು ಪಾತ್ರೆಯಲ್ಲೇ ಕುದಿಯುತ್ತದೆ ಎಂದು ಮಾತ್ರ ಹೇಳಿರಲಿಲ್ಲ.

ಅಷ್ಟರಲ್ಲಿ ನೀರು ಹೊರುವ ಮಲ್ಲಿಗಮ್ಮ ಬಂದಳು. ಕೊಡ ಇಳಿಸಿ, ಚಂದಕವಾಡಿಯ ನಾದಿನಿ ತನ್ನ ಕಿವಿಯೋಲೆ ಎರವಲು ತೆಗೆದುಕೊಂಡು ಹೋಗಿ ಕೊಡದೇ ಇರುವ ಕತೆ ಶುರುಮಾಡಿದಳು. ಕತೆ ಮುಗಿಯುವ ಹೊತ್ತಿಗೆ ಮರಿಯಪ್ಪನ ಕೈ ಉಪ್ಪಿನ ಮರಿಗೆಯಲ್ಲಿತ್ತು. ಸಾರಿಗೆ ಉಪ್ಪು ಹಾಕಿದೆನೋ, ಇನ್ನೂ ಹಾಕಬೇಕೋ, ಎರಡು ಸಲ ಹಾಕಿಬಿಟ್ಟೆನೋ ನೆನಪಾಗಲೊಲ್ಲದು.

ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡ. ತೊಟ್ಟು ಅಂಗೈಯಲ್ಲಿ ಹೊಳೆಯಿತು. ನಾಲಿಗೆ ಹಲ್ಲಿನ ತನಕ ಬಂದು ಬಾಗಿಲು ತೆಗೆಯಪ್ಪ ಎಂದು ಗೋಗರೆಯಿತು. ಮರಿಯಪ್ಪ ಕಣ್ಣು ಮುಚ್ಚಿ ಅಂಗೈಯನ್ನು ಪಂಚೆಗೆ ಒರೆಸಿಬಿಟ್ಟ. ಅಷ್ಟು ಮಾಡುವುದರಲ್ಲಿ ಒಂದು ಎಕರೆ ಉತ್ತಷ್ಟು ಆಯಾಸವಾಯಿತು.

ನೀನೇ ಒಂಚೂರು ನೋಡವ್ವ ಎಂದು ಮಲ್ಲಿಗಮ್ಮನನ್ನು ಕೇಳಿದ. ಅವಳು ಸಾರಿನ ಜೊತೆಗೆ ಒಂದು ರೆಕ್ಕೆಯನ್ನೂ ನೋಡಿ, ಉಪ್ಪೇ ಇಲ್ಲವಲ್ಲ ಎಂದಳು. ಮರಿಯಪ್ಪ ಒಂದು ಹಿಡಿ ಹಾಕಿದ. ಹಾಕಿದ ಮೇಲೆ ನೆನಪಾಯಿತು, ಹಗಲೆಲ್ಲ ಹೊಗೆಸೊಪ್ಪು ಜಗಿಯುವ ಅವಳ ನಾಲಿಗೆಗೆ ಬೇವೂ ಒಂದೇ ಬೆಲ್ಲವೂ ಒಂದೇ. ಸಾಹೇಬರು ಬಂದರೇನೋ ಎಂದು ನೋಡಲು ಮತ್ತೆ ಬಂದ ಮಹದೇವಪ್ಪ, ಮೂಗಿಗೆ ಹೆಗಲ ಮೇಲಿನ ವಲ್ಲಿ ಹಿಡಿದುಕೊಂಡು ದೂರದಲ್ಲೇ ನಿಂತು, ವಾಸನೆಯಲ್ಲೇ ಉಪ್ಪು ಜಾಸ್ತಿ ಅನ್ನಿಸುತ್ತೆ, ನೀರು ಹೊಯ್ಯಿ ಎಂದು ಅಪ್ಪಣೆ ಮಾಡಿದ. ಹುಟ್ಟಿದಂದಿನಿಂದ ಕೋಳಿಯ ರುಚಿ ನೋಡದವನ ಮಾತು ಕೇಳಿ ಮರಿಯಪ್ಪ ಒಂದು ಚೆಂಬು ನೀರೂ ಹೊಯ್ದ. ಸಾರು ಈಗ ಕೋಳಿ ಸ್ನಾನ ಮಾಡಿ ಎದ್ದುಹೋದ ನೀರಿನಂತೆ ಕಾಣುತ್ತಿತ್ತು.

ಅವನು ಗೋಡೆಗೆ ಒರಗಿ ಕುಕ್ಕರಿಸಿದ. ಸಾಕಾಗಿತ್ತು. ಒಳ್ಳೆಯವನಾಗಿರುವುದು ಇಷ್ಟು ದಣಿವಿನ ಕೆಲಸ ಎಂದು ಗೊತ್ತಿದ್ದರೆ ಮೊದಲಿನ ಹಾಗೇ ಇರಬಹುದಿತ್ತು ಅನ್ನಿಸಿತು.

ಆಗ ಜಗುಲಿಯ ಮೇಲೆ ಮಲಗಿದ್ದ ಬಂಗಲೆಯ ಕಾವಲುಗಾರ ಪುಟ್ಟಮಾದು ವಾಸನೆಗೆ ಎದ್ದು ಬಂದ. ರಾತ್ರಿ ಕಾಯಬೇಕಾದವನು, ರಾತ್ರಿಯೂ ನಿದ್ದೆ, ಹಗಲೂ ನಿದ್ದೆ. ಸಂಗತಿ ಕೇಳಿದವನೇ ಸೌಟು ತೆಗೆದುಕೊಂಡು, ಒಂದು ಗುಟುಕು ಬಾಯಿಗೆ ಬಿಟ್ಟು ಕಣ್ಣು ಮುಚ್ಚಿದ. ಒಂದು ಚಿಟಿಕೆ ಉಪ್ಪು, ಎರಡು ಸೌದೆ ಉರಿ, ಕೊನೆಗೆ ಮೆಣಸು ಎಂದ. ಮರಿಯಪ್ಪ ಎದ್ದು ಅಂದಂತೆ ಮಾಡಿದ. ಪುಟ್ಟಮಾದು ಮತ್ತೆ ನೋಡಿದ, ಮತ್ತೂ ನೋಡಿದ. ಕೋಳಿಯ ಒಂದು ಕಾಲು ಪಾತ್ರೆಯಿಂದ ಮಾಯವಾದ ಮೇಲೆ, ಈಗ ಸರಿಹೋಯಿತು ಎಂದು ಮೀಸೆ ಒರೆಸಿಕೊಂಡ.

ಇಂಜಿನಿಯರ್ ಸಾಹೇಬರು ಬಂದರು. ಉಂಡರು. ಮಾತಿಲ್ಲದೆ ಉಂಡರು, ಹಣೆಯಲ್ಲಿ ಬೆವರಿಳಿಯುವಂತೆ ಉಂಡರು, ಎರಡನೇ ಸಲ ಬಡಿಸಿಕೊಂಡು ಉಂಡರು. ಕೈತೊಳೆದು ಅಡುಗೆಯವನನ್ನು ಕರೆಸಿದರು. ಬಾಗಿಲ ಬಳಿ ನಿಂತ ಮಹದೇವಪ್ಪನ ಮುಖ ಅರಳಿತ್ತು.

"ಇಂಥ ಹದವಾದ ಸಾರು ನಾನು ಮೈಸೂರಲ್ಲೂ ಉಂಡಿಲ್ಲ. ಇಷ್ಟು ಸರಿಯಾಗಿ ಉಪ್ಪು ಕಾರ ಹೇಗೆ ನೋಡ್ತೀಯಯ್ಯ?" ಎಂದು ಸಾಹೇಬರು ಕೇಳಿದರು.

ಸುಮ್ಮನೆ ಕೈಮುಗಿದಿದ್ದರೆ ಮುಗಿದುಹೋಗುತ್ತಿತ್ತು. ಹಾಗೇ ಮಾಡು ಎಂದು ಮಹದೇವಪ್ಪ ಹಿಂದಿನಿಂದ ಕಣ್ಣಲ್ಲೇ ಹೇಳುತ್ತಿದ್ದ. ಹಿತ್ತಲ ರೂಮು, ಹೆಂಡತಿ, ಮಕ್ಕಳು ಎಲ್ಲ ಮರಿಯಪ್ಪನ ಕಣ್ಮುಂದೆ ಬಂದರು. ಆದರೆ ಇಷ್ಟು ದಿನ ಒಂದು ತೊಟ್ಟು ಸಾರಿಗೂ ಮೈಲಿಗೆಯಾಗದ ನಾಲಿಗೆ, ಇವತ್ತಿನ ದಿನ, ಅದೂ ಸುಳ್ಳಿನಿಂದ ಕೆಡಬೇಕೇ?

"ನಾನ್ ನೋಡ್ನಿಲ್ಲ ಬುದ್ಧಿ. ನಂಗೆ ವ್ರತ. ಉಪ್ಪು ನೋಡಿದ್ದು, ಹದ ಹೇಳಿದ್ದು ಎಲ್ಲ ನಮ್ಮ ಕಾವಲುಗಾರ ಪುಟ್ಟಮಾದು."

ಮಹದೇವಪ್ಪ ಹಣೆ ಚಚ್ಚಿಕೊಂಡ. ಸಾಹೇಬರ ಕಣ್ಣು ತೇವವಾಯಿತು, ಮೆಣಸಿನಿಂದಲೂ ಇರಬಹುದು. ಸರ್ಕಾರಿ ನೌಕರಿಗೆ ಸೇರಿದ ಮೇಲೆ ಇಂಥ ಸತ್ಯವಂತನನ್ನು ನೋಡೇ ಇಲ್ಲ ಎಂದರು. ಇವನಿಗೆ ತಕ್ಕ ಕೆಲಸ ಕೊಡದಿದ್ದರೆ ಪಾಪ ಬರುತ್ತದೆ ಎಂದರು. ಮರಿಯಪ್ಪನಿಗೆ ಎದೆ ತುಂಬಿ ಬಂತು. ಇಷ್ಟು ವರ್ಷಕ್ಕೆ ದೇವರು ಕಣ್ಣುಬಿಟ್ಟ ಅಂದುಕೊಂಡ.

ಸಾಹೇಬರು ಪೆನ್ನು ತೆಗೆದು ಮಹದೇವಪ್ಪನ ಕಡೆ ತಿರುಗಿದರು. "ಅಡುಗೆಗೆ ಬೇಕಾಗಿರೋದು ನಾಲಿಗೆ. ಆ ಪುಟ್ಟಮಾದುನ ಅಡುಗೆಯವನಾಗಿ ಖಾಯಂ ಮಾಡಿ. ಕಾವಲಿಗೆ ಬೇಕಾಗಿರೋದು ನಿಯತ್ತು. ಇವನನ್ನ ಆ ಜಾಗಕ್ಕೆ ಹಾಕಿ. ಸದ್ಯಕ್ಕೆ ಹಂಗಾಮಿಯಾಗೇ ಇರಲಿ, ಮುಂದೆ ನೋಡೋಣ."

ಸಹಿಯಾಯಿತು. ಜೀಪು ಊಟಿಯ ಕಡೆ ಹೊರಟುಹೋಯಿತು. ಮೂರು ಗಂಟೆಯ ಪ್ರಾರ್ಥನೆ ಆಗಲೇ ಮುಗಿದಿತ್ತು. ಮರಿಯಪ್ಪ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತ. ಅಳು ಬರಲಿಲ್ಲ, ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಪುಟ್ಟಮಾದು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಅವನ ಮುಖದಲ್ಲೂ ಚಿಂತೆಯಿತ್ತು.

"ಬೇಜಾರ್ ಮಾಡ್ಕಬ್ಯಾಡ ಮರಿಯಣ್ಣ. ನಂಗೆ ಅನ್ನ ಬಸಿಯಾಕೂ ಬರಕಿಲ್ಲ ಅನ್ನೋದು ನಿಂಗೊತ್ತು. ರೂಮಲ್ಲಿ ನೀವೇ ಇರಿ. ಅಗಲೊತ್ತು ಅಡ್ಗೆ ನೀನೇ ಮಾಡ್ಬುಡು, ರಾತ್ರಿ ಎಂಗೂ ಕಾವ್ಲು ನಿಂದೇ ಆಯ್ತಲ್ಲ. ಉಪ್ಪು ನೋಡೋದು ಮಾತ್ರ ನಂಗೆ ಬುಟ್ಬುಡಣ್ಣ. ಖಾಯಂ ಕೆಲ್ಸ, ಎಂಗೆ ಬುಡಾಕಾದದು?"