ಕಾಶಿಯವರು ರಷ್ಯಾಕ್ಕೆ ಹೊರಟದ್ದು

ಮೂವತ್ತು ವರ್ಷ ಅಂಗಡಿಯಲ್ಲಿ ಕೂತವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಗಿರಾಕಿಯ ಹಾಗೆ ಮೆಟ್ಟಿಲು ಹತ್ತಿ ಬಂದು, ಏನೂ ಕೊಳ್ಳದೆ, ಸಾಯಂಕಾಲದವರೆಗೆ ಕೂತಿರುತ್ತದೆ. ನನ್ನದು ಕಾಶಿಯ ಶಿವಾಲದಲ್ಲಿ, ಕೇದಾರಘಾಟ್‌ಗೆ ಇಳಿಯುವ ಗಲ್ಲಿಯಲ್ಲಿ ಅಂಗಡಿ. ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಕಾಶಿದಾರ, ರುದ್ರಾಕ್ಷಿ, ರೇಷ್ಮೆ ಸೀರೆ, ಬೆಸುಗೆ ಹಾಕಿದ ಗಂಗೆಯ ತಾಮ್ರದ ತಂಬಿಗೆ ಮಾರುತ್ತೇನೆ. ಈಗ ಎರಡು ವರ್ಷದಿಂದ ನಾನು ಮತ್ತು ನನ್ನ ಹೆಂಡತಿ ರಷ್ಯಾಕ್ಕೆ ಹೊರಟಿದ್ದೇವೆ. ಇನ್ನೂ ಹೋಗಿಲ್ಲ. ಹೋಗಿಯೇ ತೀರುತ್ತೇವೆ.

೧. ಹೆಂಡತಿಯ ಪ್ರಶ್ನೆ

ನಮ್ಮ ಕಡೆಯವರು ಆಯುಷ್ಯದಲ್ಲಿ ಒಂದು ಸಲವಾದರೂ ಕಾಶಿ ನೋಡಬೇಕು ಅನ್ನುತ್ತಾರೆ. ಆ ಒಂದು ಸಲ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಒಂದು ದಿನ ಹನ್ನೊಂದು ಜನರ ತಂಡವನ್ನು ಸ್ಟೇಷನ್‌ಗೆ ಕಳಿಸಿ ಬಂದಾಗ, ಹೆಂಡತಿ ದೋಸೆ ಕಾವಲಿ ಉಜ್ಜುತ್ತಾ ಕೇಳಿದಳು.

"ಏನೂಂದ್ರೆ, ಎಲ್ಲರೂ ಕಾಶಿಗೆ ಬರ್ತಾರೆ. ಕಾಶಿಯವರು ಎಲ್ಲಿಗೆ ಹೋಗಬೇಕು?"

"ಪ್ರಯಾಗಕ್ಕೆ ಹೋಗಿಬರೋಣ."

"ಅದು ಯಾತ್ರೆ. ನಾನು ಕೇಳಿದ್ದು ಪ್ರವಾಸ. ಹೋದ ಕಡೆ ದೇವಸ್ಥಾನ ಇರಬಾರದು. ನೆಂಟರು ಇರಬಾರದು."

ನಾನು ಇಡೀ ಭಾರತವನ್ನು ಮನಸ್ಸಿನಲ್ಲೇ ಸುತ್ತಿ ಬಂದೆ. ಎರಡೂ ಇಲ್ಲದ ಊರು ಒಂದೂ ಸಿಗಲಿಲ್ಲ. ಹಾಗಾದರೆ ಹೊರದೇಶವೇ ಸರಿ. ಅಮೆರಿಕಕ್ಕೆ ಡಾಲರ್ ಬೇಕು, ಅದನ್ನು ಸರ್ಕಾರ ಕೊಡುವುದಿಲ್ಲ. ರಷ್ಯಾದ ಪ್ರವಾಸಕ್ಕೆ ರೂಪಾಯಿಯಲ್ಲೇ ಕಟ್ಟಬಹುದು ಎಂದು ಕಂಟೋನ್ಮೆಂಟಿನ ಟ್ರಾವೆಲ್ ಏಜೆಂಟ್ ಹೇಳಿದ. ಮೇಲಾಗಿ ಆ ದೇಶದ ಒಂದು ತುದಿಯಲ್ಲಿ ಮರಳುಗಾಡು, ಇನ್ನೊಂದು ತುದಿಯಲ್ಲಿ ಹಿಮ; ನಡುವೆ ಎಷ್ಟೋ ಭಾಷೆ, ಎಷ್ಟೋ ಜನ. ಒಂದು ಟಿಕೆಟ್ಟಿಗೆ ಐದಾರು ದೇಶದ ಮಾಲು. ವ್ಯಾಪಾರ ಗಿಟ್ಟುತ್ತದೆ ಅನ್ನಿಸಿತು.

"ರಷ್ಯಾ" ಅಂದೆ.

"ಅಲ್ಲಿ ನಮ್ಮವರು ಯಾರೂ ಇಲ್ವಾ?"

"ಇಲ್ಲ."

"ನಿಮ್ಮ ಚಿಕ್ಕಪ್ಪನ ಕಡೆಯವರು?"

"ಇಲ್ಲ ಮಾರಾಯ್ತಿ."

"ಹಾಗಾದ್ರೆ ಟಿಕೆಟ್ ತಗೊಳ್ಳಿ" ಅಂದಳು. ನಮ್ಮ ಸಂಸಾರದಲ್ಲಿ ಇಷ್ಟು ಬೇಗ ತೀರ್ಮಾನವಾದ ವಿಷಯ ಇನ್ನೊಂದಿಲ್ಲ.

೨. ಪಾಸ್‌ಪೋರ್ಟ್ ಫೋಟೋ

ಫೋಟೋ ತೆಗೆಸಬೇಕಿತ್ತು. ಗುರುತಿನವನು, ಕಡಿಮೆಗೆ ಮಾಡಿಕೊಡುತ್ತಾನೆ ಎಂದು ಒಬ್ಬ ಫೋಟೋಗ್ರಾಫರನ ಬಳಿಗೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವನ ಕೆಲಸವೆಲ್ಲ ಮಣಿಕರ್ಣಿಕಾ ಘಾಟ್‌ನಲ್ಲಿ. ಹೆಣ ಸುಡುವ ಮೊದಲು ಮನೆಯವರು ಕೊನೆಯದಾಗಿ ಒಂದು ಫೋಟೋ ತೆಗೆಸುತ್ತಾರಲ್ಲ, ಅದರಲ್ಲಿ ಅವನದು ಎತ್ತಿದ ಕೈ.

ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ಕರಿಬಟ್ಟೆಯೊಳಗೆ ತಲೆ ಹಾಕಿದ. ಹೆಂಡತಿ ಕಣ್ಣು ಮಿಟುಕಿಸಿದಳು. ಮತ್ತೆ ತೆಗೆದ. ನಾನು ಕೆಮ್ಮಿದೆ. ಮೂರನೆಯ ಸಲ ಇಬ್ಬರೂ ಅಲ್ಲಾಡಿದೆವು. ಅವನು ಬಟ್ಟೆಯಿಂದ ಹೊರಗೆ ಬಂದು ಹಣೆ ಒರೆಸಿಕೊಂಡ.

"ಸೇಠ್‌ಜೀ, ಇಪ್ಪತ್ತು ವರ್ಷದ ಸರ್ವೀಸು ನನ್ನದು. ಇಷ್ಟು ತೊಂದರೆ ಕೊಟ್ಟ ಗಿರಾಕಿ ಒಬ್ಬನೂ ಇಲ್ಲ."

ಆಮೇಲೆ ಅಭ್ಯಾಸಬಲದಿಂದ, ಹಾರ ತಂದಿಲ್ಲವೇ ಎಂದೂ ಕೇಳಿದ.

ಮನೆಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ನನ್ನ ತಂದೆಯ ಅಕ್ಕ, ಮಕ್ಕಳಿಲ್ಲದ ವಿಧವೆ. ಕಾಶಿಯಲ್ಲಿ ಸಾಯಬೇಕೆಂದು ಊರು ಬಿಟ್ಟು ಬಂದು ಹನ್ನೆರಡು ವರ್ಷವಾಯಿತು; ಮನೆಯ ಯಜಮಾನಿಕೆಯಲ್ಲಿ ಇನ್ನೂ ಪುರುಸೊತ್ತು ಸಿಕ್ಕಿಲ್ಲ. ಫೋಟೋ ಅವಳ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಅಯ್ಯೋ ಪಾಪ. ಯಾವಾಗ ಹೋದರಂತೆ ಇವರು?"

೩. ವಿಚಾರಣೆಗೆ ಬಂದ ಪೊಲೀಸಪ್ಪ

ಪಾಸ್‌ಪೋರ್ಟ್ ಅರ್ಜಿ ಹಾಕಿದ ಮೇಲೆ ಪೊಲೀಸ್ ವಿಚಾರಣೆ ಇರುತ್ತದೆ. ಕಾನ್‌ಸ್ಟೇಬಲ್ ಬಂದು ಅಂಗಡಿಯ ಗಾದಿಯ ಮೇಲೆ ಕೂತ.

"ಸೇಠ್‌ಜೀ, ದೇಶದ ಜನವೆಲ್ಲ ಕೊನೆಗಾಲಕ್ಕೆ ಇಲ್ಲಿಗೆ ಬರುತ್ತೆ. ನೀವು ಈ ವಯಸ್ಸಿನಲ್ಲಿ ಇಲ್ಲಿಂದ ಓಡ್ತಿದ್ದೀರಿ. ಏನು ಮಾಡಿದ್ದೀರಿ, ಹೇಳಿಬಿಡಿ."

"ಏನೂ ಮಾಡಿಲ್ಲ. ಸುತ್ತಾಡಿ ಬರೋಣ ಅಂತ."

"ಸುತ್ತಾಡೋಕೆ ಘಾಟ್ ಇಲ್ಲವಾ?"

ಅವನಿಗೆ ನಂಬಿಕೆ ಬರಲಿಲ್ಲ. ನನ್ನ ಅಂಗಡಿಯ ಪಕ್ಕದಲ್ಲೇ ಒಬ್ಬ ಪಾನ್‌ವಾಲಾ ಇದ್ದಾನೆ. ದಿನಕ್ಕೆ ಹದಿನೈದು ಪಾನ್ ಅವನಿಂದ ನನ್ನ ಬಾಯಿಗೆ ಬರುವುದರಿಂದ ನನ್ನ ಮೇಲೆ ಬಹಳ ವಿಶ್ವಾಸ. ಕಾನ್‌ಸ್ಟೇಬಲ್ ಅವನನ್ನು ಕೇಳಿದ. ಅವನು ನನ್ನನ್ನು ಹೊಗಳಲೆಂದೇ ಹೇಳಿದ: "ದೇವರಂಥ ಮನುಷ್ಯ ಸಾಹೇಬ್. ಮೂವತ್ತು ವರ್ಷದಿಂದ ಈ ಗಾದಿ ಬಿಟ್ಟು ಎಲ್ಲೂ ಹೋದವರಲ್ಲ."

ಕಾನ್‌ಸ್ಟೇಬಲ್ ಬರೆದುಕೊಂಡ: 'ಮೂವತ್ತು ವರ್ಷ ಎಲ್ಲೂ ಹೋಗಿಲ್ಲ. ಈಗ ಇದ್ದಕ್ಕಿದ್ದಂತೆ ಹೋಗುತ್ತಿದ್ದಾರೆ.' ಕೆಳಗೆ ಎರಡು ಗೆರೆ ಎಳೆದ.

ಕೆಲಸ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಕೇದಾರಘಾಟ್‌ನಲ್ಲಿ ಸ್ನಾನ ಮುಗಿಸಿ ಬರುತ್ತಿದ್ದ ಅತ್ತೆ ಒದ್ದೆ ಸೀರೆಯಲ್ಲೇ ನಿಂತು ಎಲ್ಲ ಕೇಳಿದಳು. ಹನ್ನೆರಡು ವರ್ಷ ತರಕಾರಿಯವಳ ಜೊತೆ ಜಗಳವಾಡಿ ಕಲಿತ ಹಿಂದಿಯಲ್ಲಿ ಹೇಳಿದಳು: "ಏ ಬಾಬು, ಯೇ ವಾಪಸ್ ಆಯೇಗಾ. ಹಮಕೋ ಮರನಾ ಹೈ ನಾ? ಆಗ್ ಕೌನ್ ದೇಗಾ, ತುಮ್?"

ತನಗೆ ಬೆಂಕಿ ಕೊಡಬೇಕಾದವನು ನಾನು, ಅದಕ್ಕಾಗಿ ವಾಪಸ್ ಬಂದೇ ಬರುತ್ತೇನೆ ಎಂಬುದು ಅವಳ ಜಾಮೀನು. ಕಾನ್‌ಸ್ಟೇಬಲ್ ಎದ್ದು ನಿಂತು, 'ಹಿಂತಿರುಗುವ ಕಾರಣ: ಅತ್ತೆಯ ಅಂತ್ಯಕ್ರಿಯೆ' ಎಂದು ಬರೆದುಕೊಂಡು ಹೋದ. ಪಾಸ್‌ಪೋರ್ಟ್ ಬಂತು.

೪. ರಾತ್ರಿ ಇಲ್ಲದ ಊರು

ಜೂನ್‌ನಲ್ಲಿ ಲೆನಿನ್‌ಗ್ರಾಡ್ ನಗರದಲ್ಲಿ ಸರಿಯಾಗಿ ಕತ್ತಲಾಗುವುದೇ ಇಲ್ಲ ಎಂದು ಏಜೆಂಟ್ ಹೇಳಿದ್ದ. ಮನೆಗೆ ಬಂದು ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಹೆಂಡತಿಗೆ ಅಂದಿನಿಂದ ಚಿಂತೆ. ಅವಳು ಶನಿವಾರ ರಾತ್ರಿ ಊಟ ಬಿಡುತ್ತಾಳೆ.

"ರಾತ್ರಿಯೇ ಆಗದಿದ್ರೆ ನಾನು ಬಿಡೋದು ಏನನ್ನ?"

"ಒಳ್ಳೇದಾಯ್ತಲ್ಲ. ಅವತ್ತು ಮೂರು ಹೊತ್ತೂ ಊಟ ಮಾಡು."

"ಪುಣ್ಯ?"

"ಅಲ್ಲಿ ಸರ್ಕಾರ ಅದನ್ನ ನಿಲ್ಲಿಸಿದೆಯಂತೆ."

ಆ ಶನಿವಾರ ಅವಳ ಉಪವಾಸ ಮುರಿಯಲಿಲ್ಲ. ಆದರೆ ನನಗೂ ರಾತ್ರಿ ಊಟ ಸಿಗಲಿಲ್ಲ.

೫. ಅತ್ತೆಯ ಗ್ಯಾರಂಟಿ

ನಗುವುದು ಒಂದು ಕಡೆ ಇರಲಿ, ನಿಜವಾದ ತೊಡಕು ಅತ್ತೆಯದೇ. ನಾವು ಮಾಸ್ಕೋದಲ್ಲಿರುವಾಗ ಅವಳು ಕಣ್ಣು ಮುಚ್ಚಿದರೆ ಗತಿಯೇನು? ಹನ್ನೆರಡು ವರ್ಷ ಅವಳು ಕಾದದ್ದು ಆ ಒಂದು ದಿನಕ್ಕೆ. ಆ ದಿನ ನಾನೇ ಇಲ್ಲದಿದ್ದರೆ ಆ ಮುದುಕಿಗೆ ಮೋಸ ಮಾಡಿದ ಹಾಗೆ. ಹೆಂಡತಿ ಇಳಿಸಿಟ್ಟ ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಿದಳು. ಅದನ್ನು ನೋಡಿದ ಅತ್ತೆ ನನ್ನನ್ನು ಕರೆದಳು.

"ಎಷ್ಟು ದಿನ ಕಣೋ, ನಿಮ್ಮ ರಷ್ಯಾ?"

"ಇಪ್ಪತ್ತೊಂದು."

"ಆ ಇಪ್ಪತ್ತೊಂದು ದಿನ ನಾನು ಸಾಯಲ್ಲ. ಇಪ್ಪತ್ತೆರಡನೇ ದಿನದ್ದು ನನ್ನ ಕೇಳಬೇಡ."

ನಾನು ವ್ಯಾಪಾರಿ. "ವಿಮಾನ ತಡವಾದರೆ?" ಅಂದೆ.

ಸ್ವಲ್ಪ ಯೋಚಿಸಿದಳು. "ಒಂದು ದಿನ ಹೆಚ್ಚಿಗೆ ಕೊಡ್ತೀನಿ. ಅದಕ್ಕಿಂತ ಆಗಲ್ಲ."

ಟ್ರಂಕು ಮತ್ತೆ ಕೆಳಗಿಳಿಯಿತು. ಅತ್ತೆ ತನ್ನ ಪೆಟ್ಟಿಗೆಯಿಂದ ಒಂದು ಗಂಗೆಯ ತಂಬಿಗೆ ತೆಗೆದು ನನ್ನ ಕೈಗಿಟ್ಟಳು. "ಅಕಸ್ಮಾತ್ ನೀನೇ ಅಲ್ಲಿ ಹೋಗಿಬಿಟ್ಟರೆ, ಬಾಯಿಗೆ ಬಿಡೋಕೆ ಇರಲಿ."

"ನಮ್ಮ ಅಂಗಡೀಲೇ ಬೇಕಾದಷ್ಟು ಇದೆಯಲ್ಲ ಅತ್ತೆ, ಕೊಂಡು ತಂದೆಯಾ?"

"ಎದುರು ಅಂಗಡೀಲಿ ತಂದೆ. ಸಾಯೋವಾಗ ನಿಜವಾದ ಗಂಗೆ ಬೇಕು ಕಣೋ."

೬. ನಾನು ಬಿಟ್ಟ ಮೂರು

ಕಾಶಿಗೆ ಬಂದವರು ಒಂದು ಸೊಪ್ಪು, ಒಂದು ತರಕಾರಿ, ಒಂದು ಹಣ್ಣು ಇಲ್ಲಿ ಬಿಟ್ಟು, ಮತ್ತೆ ಬದುಕಿರುವ ತನಕ ಅದನ್ನು ಮುಟ್ಟಬಾರದು ಎಂಬ ಪದ್ಧತಿ ನಮ್ಮಲ್ಲಿದೆ. ಇಷ್ಟವಾದದ್ದನ್ನು ಬಿಡಬೇಕು. ನನ್ನ ಹೆಂಡತಿ ಮದುವೆಯಾಗಿ ಬಂದ ವರ್ಷವೇ ಮೆಂತ್ಯದ ಸೊಪ್ಪು, ಹೀರೇಕಾಯಿ, ಹಲಸಿನ ಹಣ್ಣು ಬಿಟ್ಟಳು. ಮೂರಕ್ಕೂ ಪ್ರಾಣ ಬಿಡುತ್ತಿದ್ದವಳು. ನಾನು ಲೆಕ್ಕ ಹಾಕಿ ಬಿಟ್ಟೆ. ಎಲೆಕೋಸಿನ ವಾಸನೆ ನನಗೆ ಆಗುತ್ತಿರಲಿಲ್ಲ. ಎಲೆ ಅನ್ನುವುದು ಹೆಸರಿನಲ್ಲೇ ಇದೆ, ಅದೂ ಸೊಪ್ಪೇ ಎಂದು ಪುರೋಹಿತರ ಜೊತೆ ವಾದ ಮಾಡಿ ಒಪ್ಪಿಸಿದೆ. ಬೀಟ್‌ರೂಟು ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ, ಅದನ್ನು ಬಿಟ್ಟೆ. ಸೇಬು ದುಬಾರಿ, ಅದನ್ನೂ ಬಿಟ್ಟೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಏನನ್ನೋ ಬಿಟ್ಟೆ ಅನ್ನಿಸಿರಲಿಲ್ಲ.

ಎಲ್ಲ ಸಿದ್ಧವಾದ ಮೇಲೆ ಏಜೆಂಟನ ಬಳಿ ಹೋಗಿ, "ನಾವು ಶಾಕಾಹಾರಿಗಳು, ಊಟಕ್ಕೆ ಏನು?" ಎಂದು ಕೇಳಿದೆ.

"ಚಿಂತೆಯೇ ಬೇಡ ಸೇಠ್‌ಜೀ. ಎಲೆಕೋಸು ಬೇಕಾದಷ್ಟು. ಬೀಟ್‌ರೂಟ್ ದಿನಾ ಇರುತ್ತೆ. ಆಮೇಲೆ ಸೇಬು."

"ಆಲೂಗಡ್ಡೆ?"

"ಓಹೋ, ಕೊಡ್ತಾರೆ. ಬೀಟ್‌ರೂಟ್ ಜೊತೆ."

ಮನೆಗೆ ಬಂದು ಹೇಳಿದೆ. ಹೆಂಡತಿ ನಗಲಿಲ್ಲ. ಮಡಚುತ್ತಿದ್ದ ಶಾಲನ್ನು ಮಡಚಿ ಮುಗಿಸಿ ಅಂದಳು: "ನಾನು ಬಿಟ್ಟದ್ದು ಒಂದೂ ಅಲ್ಲಿ ಬೆಳೆಯಲ್ಲ. ನನಗೇನೂ ತೊಂದರೆ ಇಲ್ಲ. ನೀವು ಬೇಕಾದ್ರೆ ಮನೇಲಿ ಅತ್ತೆ ಜೊತೆ ಇರಿ."

ಬಿಡುವುದುಂಟೇ. ನಮ್ಮ ಗಲ್ಲಿಯಲ್ಲೇ ಇರುವ ಪುರೋಹಿತ ಭಟ್ಟರನ್ನು ಕರೆಸಿದೆ. ಅಂದು ನನ್ನ ವಾದಕ್ಕೆ ಸೋತವರ ಮಗ. ಪಡಸಾಲೆಯಲ್ಲಿ ಕೂರಿಸಿ, ಬಿಟ್ಟದ್ದನ್ನು ಇಪ್ಪತ್ತೊಂದು ದಿನದ ಮಟ್ಟಿಗೆ ವಾಪಸ್ ಪಡೆಯಲು ದಾರಿ ಉಂಟೇ ಎಂದೆ.

"ಕೊಟ್ಟ ಮಾಲು ವಾಪಸ್ ತಗೋಳೋ ಪದ್ಧತಿ ನಿಮ್ಮ ಅಂಗಡೀಲಿ ಇದೆಯಾ ಶೆಟ್ರೇ?" ಅಂದರು ಭಟ್ಟರು.

"ವಾಪಸ್ ಇಲ್ಲ. ಬದಲಿ ಕೊಡ್ತೀವಿ."

"ಹಾಗಾದ್ರೆ ಬದಲಿ ಕೊಡಿ. ಆ ಮೂರೂ ಸೇರಿದರೂ ಸಮ ತೂಗದಂಥ ಒಂದನ್ನ, ನಿಜವಾಗಿ ಇಷ್ಟವಾದದ್ದನ್ನ ಬಿಡಿ. ಪ್ರವಾಸ ಮುಗಿಸಿ ಬಂದ ಮೇಲೆ ಅದನ್ನ ಹಿಡೀರಿ, ಈ ಮೂರನ್ನ ಮತ್ತೆ ಬಿಡಿ."

ನನ್ನ ತಲೆ ಬೆಳಗಿತು. ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು, ಬಾಯಲ್ಲಿದ್ದುದನ್ನು ಹೋಗಿ ಉಗಿದು ಬಂದು, "ಪಾನ್ ಬಿಡ್ತೀನಿ" ಅಂದೆ.

ಭಟ್ಟರಿಗೆ ಕನಿಕರವೇ ಆಯಿತು. ಹದಿನೈದು ಪಾನ್ ಅಂದರೆ ಅವರಿಗೂ ಗೊತ್ತು. ಕೈಗೆ ನೀರು ಬಿಡಲು ಉದ್ಧರಣೆ ಎತ್ತಿದರು. ಆಗ ಒಳಗಿನಿಂದ ಅತ್ತೆ ಕೇಳಿದಳು: "ಯಾವತ್ತಿಂದ?"

"ರೈಲು ಹತ್ತಿದ ದಿನದಿಂದ."

"ರಷ್ಯಾದಲ್ಲಿ ಪಾನ್ ಸಿಗತ್ತಾ?"

ಉದ್ಧರಣೆ ಗಾಳಿಯಲ್ಲೇ ನಿಂತಿತು. ಅತ್ತೆ ಹೊರಗೆ ಬಂದಳು.

"ಇವತ್ತಿಂದ ಬಿಡು. ನೀನು ಹೋಗಿ ಬರೋವರೆಗೂ ನಾನು ಸಾಯೋ ಹಾಗಿಲ್ಲ. ನೀನೂ ಹೋಗಿ ಬರೋವರೆಗೂ ಪಾನ್ ಹಾಕೋ ಹಾಗಿಲ್ಲ. ಆಗ ಸಮ ಆಯ್ತು. ಬಿಡಿ ಭಟ್ರೇ ನೀರು."

ಜೂನ್‌ಗೆ ಇನ್ನೆರಡು ತಿಂಗಳು ತಾನೇ, ತಡೆದುಕೊಳ್ಳೋಣ ಎಂದು ಕೈ ಚಾಚಿದೆ. ನೀರು ಬಿತ್ತು. ಐದನೆಯ ದಿನ ಏಜೆಂಟನಿಂದ ಕಾಗದ ಬಂತು. ಈ ಜೂನ್‌ನ ತಂಡ ಭರ್ತಿಯಾಗಿದೆ. ನಮ್ಮ ಹೆಸರು ಮುಂದಿನ ಜೂನ್‌ಗೆ ಖಾತ್ರಿ.

"ಒಂದು ವರ್ಷ ತಾನೇ" ಅಂದಳು ಅತ್ತೆ. "ನಾನು ಕಾಯ್ತೀನಿ."

ಕಾಯುತ್ತಿದ್ದಾಳೆ. ಹತ್ತು ತಿಂಗಳಾಯಿತು. ಮಂಡಿನೋವು ಹೋಗಿದೆ, ಹಸಿವು ಹೆಚ್ಚಿದೆ, ಘಾಟ್‌ನ ಮೆಟ್ಟಿಲನ್ನು ಈಗ ಯಾರ ಕೈಯೂ ಹಿಡಿಯದೆ ಹತ್ತುತ್ತಾಳೆ. ಸೊರಗಿರುವುದು ನಾನು ಮತ್ತು ಪಾನ್‌ವಾಲಾ. ಮೊನ್ನೆ ಬೆಳಿಗ್ಗೆ ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಅವನು ಮಾತಿಲ್ಲದೆ ಒಂದು ಪಾನ್ ಮಡಚಿ ಚಾಚಿದ. ನಾನೂ ಮಾತಿಲ್ಲದೆ ತೆಗೆದುಕೊಂಡೆ. ಬಾಯಿಯ ಹತ್ತಿರ ಒಯ್ದಿದ್ದೆ, ಮೆಟ್ಟಿಲು ಹತ್ತಿ ಬಂದ ಅತ್ತೆ ತಂಬಿಗೆ ಹಿಡಿದು ಎದುರಿಗೇ ನಿಂತಳು. ಬೈಯಲಿಲ್ಲ. ಬಹಳ ಮೆತ್ತಗೆ ಅಂದಳು:

"ಹಾಕ್ಕೋ ಕಣೋ, ಹಾಕ್ಕೋ. ನಾನೂ ಮನೆಗೆ ಹೋಗಿ ಮಲಗ್ತೀನಿ."

ಪಾನ್‌ವಾಲಾನಿಗೆ ಒಂದಕ್ಷರ ಕನ್ನಡ ಬರುವುದಿಲ್ಲ. ಆದರೂ ನನ್ನ ಕೈಯಿಂದ ಪಾನ್ ಕಿತ್ತುಕೊಂಡು ತಾನೇ ಬಾಯಿಗೆ ಹಾಕಿಕೊಂಡ.